ತಪ್ಪೇ ಹೇಳುವ ವಂಶಾವಳಿ

ಓದುಗರ ಪತ್ರ: ಕಳೆದ ಸಂಚಿಕೆಯ ಜೀವವಿಕಾಸದ ಲೇಖನ ಓದಿದೆ. ವಿಜ್ಞಾನಿಗಳು ಇಂದು ಒಂದು ಗುಂಪಿನಲ್ಲಿಟ್ಟ ಜೀವಿಯನ್ನು ನಾಳೆ ಇನ್ನೊಂದಕ್ಕೆ ಎತ್ತಿ ಹಾಕುತ್ತಾರೆ. ನಾನು ಓದುವಾಗ ಅಣಬೆ ಸಸ್ಯವಾಗಿತ್ತು, ಈಗ ಅಲ್ಲವಂತೆ. ಹಕ್ಕಿಯೂ ಡೈನೋಸಾರ್ ಅಂತೆ. ವರ್ಗೀಕರಣವೆಂದರೆ ಅವರ ಅನುಕೂಲಕ್ಕೆ ಮಾಡಿಕೊಂಡ ಕಪಾಟು. ಅದನ್ನು ತೋರಿಸಿ ವಿಕಾಸ ಸಾಬೀತಾಯಿತು ಎಂದರೆ ನಂಬುವುದು ಹೇಗೆ? ಅಂದಹಾಗೆ, ಟಿಕ್ಟಾಲಿಕ್ ಎಂಬ ಪಳೆಯುಳಿಕೆ ಮೀನು 375 ಕೋಟಿ ವರ್ಷ ಹಳೆಯದೆಂದು ಅಚ್ಚಾಗಿದೆ. ಪ್ರೂಫ್ ಯಾರೂ ನೋಡುವುದಿಲ್ಲವೆ?
– ನಿವೃತ್ತ ಅಧ್ಯಾಪಕರೊಬ್ಬರು (ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ: ಮೇಷ್ಟ್ರೇ, ಪ್ರೂಫ್ ನೋಡಿದವನು ನಾನೇ. 37.5 ಕೋಟಿ ಎಂದಿರಬೇಕಿತ್ತು, ಚುಕ್ಕಿ ಬಿದ್ದುಹೋಯಿತು. ಆದರೆ ಆ ಚುಕ್ಕಿಯಿಂದ ಒಂದು ಉಪಕಾರವೂ ಆಯಿತು. ನಮ್ಮ ಸಂಚಿಕೆ ಹೊರಬಂದ ಎರಡೇ ವಾರಕ್ಕೆ ಇನ್ನೊಂದು ಪತ್ರಿಕೆಯಲ್ಲಿ ಅದೇ ವಿಷಯದ ಲೇಖನ ಬಂತು, ಬೇರೆಯವರ ಹೆಸರಿನಲ್ಲಿ. ವಾಕ್ಯಗಳನ್ನು ಜಾಣತನದಿಂದ ತಿರುವಿ ಹಾಕಿದ್ದರು. ಟಿಕ್ಟಾಲಿಕ್‌ನ ವಯಸ್ಸು ಮಾತ್ರ 375 ಕೋಟಿ!

ಸರಿಯಾದ ಸಂಗತಿ ಇಬ್ಬರಲ್ಲೂ ಇದ್ದರೆ ಇಬ್ಬರೂ ತಾವೇ ಓದಿ ತಿಳಿದಿರಬಹುದು. ಒಂದೇ ತಪ್ಪು ಒಂದೇ ಜಾಗದಲ್ಲಿದ್ದರೆ ಮೂಲ ಒಂದೇ. ಹಳೆಯ ಕಾವ್ಯಗಳನ್ನು ಸಂಪಾದಿಸುವವರು ಯಾವ ಹಸ್ತಪ್ರತಿ ಯಾವುದರ ಸಂತಾನ ಎಂದು ಪತ್ತೆ ಹಚ್ಚುವುದೂ ಲಿಪಿಕಾರರ ಪ್ರಮಾದಗಳಿಂದಲೇ.

ಈಗ ನಮ್ಮ ದೇಹಕ್ಕೆ ಬನ್ನಿ. ಇಲಿ ತನಗೆ ಬೇಕಾದ ಸಿ ವಿಟಮಿನ್ನನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಮ್ಮಿಂದ ಆಗುವುದಿಲ್ಲ. ಅದನ್ನು ತಯಾರಿಸುವ ಜೀನ್ ನಮ್ಮಲ್ಲಿ ಇಲ್ಲವೆಂದಲ್ಲ, ಇದೆ, ಕೆಟ್ಟು ಕೂತಿದೆ. ಚಿಂಪಾಂಜಿಯಲ್ಲೂ ಕೆಟ್ಟಿದೆ, ನಮ್ಮಲ್ಲಿರುವ ಅನೇಕ ಅಕ್ಷರದೋಷಗಳ ಸಮೇತ. ಗಿನಿಪಿಗ್‌ನಲ್ಲೂ ಅದೇ ಜೀನ್ ಹಾಳಾಗಿದೆ, ಆದರೆ ಅದು ಬೇರೆಯಾಗಿ ನಡೆದ ಅವಘಡ, ಹಾಳಾದ ರೀತಿಯೇ ಬೇರೆ. ಇದನ್ನು ಮೊದಲ ಸಲ ಓದಿದಾಗ, ಜೀವಮಾನವಿಡೀ ಪ್ರೂಫ್ ತಿದ್ದಿದ ನನಗೆ, ನಮಗೂ ಚಿಂಪಾಂಜಿಗೂ ಮೂಲ ಒಂದೇ ಎನ್ನಲು ಬೇರೆ ಸಾಕ್ಷಿ ಬೇಕೆನಿಸಲಿಲ್ಲ.

ನಿಮ್ಮ ಮಾತಿನಲ್ಲಿ ನಿಜವಿಲ್ಲವೆಂದು ಹೇಳಲಾರೆ. ವರ್ಗ, ಗಣ, ಕುಟುಂಬ ಎಂಬ ಮೆಟ್ಟಿಲುಗಳು ಮನುಷ್ಯ ಮಾಡಿಕೊಂಡವೇ. ಹೆಸರು ಬದಲಾಯಿಸುವ ಚಪಲವೂ ಕೆಲವರಿಗುಂಟು. ಆದರೆ ಕಪಾಟು ನಮ್ಮದಾದರೂ ನಂಟು ನಮ್ಮದಲ್ಲ. ಜೀವಿಗಳ ವರ್ಗೀಕರಣಕ್ಕೆ ಅಡಿಪಾಯ ಹಾಕಿದ ಲಿನೇಯಸ್‌ನನ್ನೇ ನೋಡಿ. 1735ರಲ್ಲಿ ತಿಮಿಂಗಿಲವನ್ನು ಮೀನುಗಳ ಜೊತೆ ಕೂರಿಸಿದ. ತನ್ನ ಪುಸ್ತಕದ 1758ರ ಹತ್ತನೆಯ ಆವೃತ್ತಿಯಲ್ಲಿ ಎಬ್ಬಿಸಿ ಸಸ್ತನಿಗಳ ಸಾಲಿಗೆ ತಂದ. ಅವನು ವಿಕಾಸವಾದಿಯಲ್ಲ, ಡಾರ್ವಿನ್‌ನ ಪುಸ್ತಕ ಬಂದದ್ದು ನೂರು ವರ್ಷ ಕಳೆದು, 1859ರಲ್ಲಿ. ಸೃಷ್ಟಿಯ ಕ್ರಮ ಹುಡುಕುತ್ತಿದ್ದ ಭಕ್ತನ ಕೈಗೂ ಸಿಕ್ಕಿದ್ದು ಗುಂಪಿನೊಳಗೆ ಗುಂಪು, ಅದರೊಳಗೆ ಇನ್ನೊಂದು ಗುಂಪು. ಬಾವಲಿ ಹಾರುತ್ತದೆ, ಆದರೆ ಅದಕ್ಕೆ ಗರಿಯಿಲ್ಲ, ಮರಿಗೆ ಹಾಲೂಡುತ್ತದೆ. ಗರಿಯುಳ್ಳ ಸಸ್ತನಿ ಒಂದೂ ಸಿಕ್ಕಿಲ್ಲ. ಬೇಕಾದ್ದನ್ನು ಬೇಕಾದಲ್ಲಿಂದ ಹೆಕ್ಕಿ ಜೋಡಿಸಿದ್ದರೆ ಇಷ್ಟು ಕಟ್ಟುನಿಟ್ಟು ಇರುತ್ತಿತ್ತೆ?

ತಿಮಿಂಗಿಲದ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಜಮ್ಮು-ಕಾಶ್ಮೀರದ ಕಾಲಾಕೋಟ್ ಬಳಿ ಭೂವಿಜ್ಞಾನಿ ರಂಗರಾವ್ ಸಂಗ್ರಹಿಸಿದ್ದ ಕಲ್ಲುಗಳು ಅವರು ತೀರಿಕೊಂಡ ಮೇಲೆ ಅಮೆರಿಕದ ವಿಜ್ಞಾನಿ ಹಾನ್ಸ್ ಥೀವಿಸ್ಸೆನ್ ಕೈ ಸೇರಿದವು. ಕಲ್ಲು ಬಿಡಿಸುವಾಗ ಒಂದು ತಲೆಬುರುಡೆ ಅಕಸ್ಮಾತ್ತಾಗಿ ಮುರಿಯಿತು. ಒಳಗೆ ಕಂಡದ್ದು ತಿಮಿಂಗಿಲ ಬಳಗದಲ್ಲಷ್ಟೇ ಕಾಣುವ ದಪ್ಪಂಚಿನ ಕಿವಿಮೂಳೆ! ಪ್ರಾಣಿಯೋ, ಸುಮಾರು 4.8 ಕೋಟಿ ವರ್ಷ ಹಿಂದಿನ, ಬೆಕ್ಕಿನಷ್ಟು ದೊಡ್ಡ, ಗೊರಸಿನ ಬಳಗದ ಇಂಡೋಹಯಸ್. 2007ರಲ್ಲಿ ಇದು ಪ್ರಕಟವಾಯಿತು. ಇಂದು ಬದುಕಿರುವವರಲ್ಲಿ ತಿಮಿಂಗಿಲಕ್ಕೆ ಹತ್ತಿರದ ನೆಂಟ ನೀರಾನೆ ಎಂದು ಡಿಎನ್‌ಎ ಆಗಲೇ ಹೇಳಿತ್ತು. ಡಿಎನ್‌ಎಯೂ ಮೂಳೆಯೂ ತೋರಿಸಿದ್ದು ಗೊರಸಿನವರ ಮನೆಯನ್ನೇ.

ಟಿಕ್ಟಾಲಿಕ್ ಸಿಕ್ಕಿದ್ದು ಅದೃಷ್ಟದಿಂದಲ್ಲ. ಅದಕ್ಕಿಂತ ಹಳೆಯ ಪದರಗಳಲ್ಲಿ ಈಜುರೆಕ್ಕೆಯ ಮೀನುಗಳು, ಈಚಿನವುಗಳಲ್ಲಿ ಕಾಲುಳ್ಳ ಪ್ರಾಣಿಗಳು. ನಡುವಿನದ್ದು ಎಲ್ಲಿರಬೇಕೆಂದು ಲೆಕ್ಕ ಹಾಕಿ ವಿಜ್ಞಾನಿ ನೀಲ್ ಶುಬಿನ್ ಮತ್ತು ಸಂಗಡಿಗರು ಕೆನಡಾದ ಉತ್ತರಧ್ರುವ ಪ್ರದೇಶದ ಹಿಮದಲ್ಲಿ ವರ್ಷಗಟ್ಟಲೆ ಹುಡುಕಿದರು. 2004ರಲ್ಲಿ ಸಿಕ್ಕಿತು: ಮೀನಿನ ಹುರುಪೆ, ಆದರೆ ಕುತ್ತಿಗೆ ಉಂಟು, ಮಣಿಕಟ್ಟಿನಂಥ ಮೂಳೆಯೂ ಉಂಟು. ಬರೀ ಕಪಾಟಾಗಿದ್ದರೆ ಖಾಲಿ ಖಾನೆಯಲ್ಲಿ ಏನು ಸಿಗಬೇಕೆಂದು ಅದು ಮುಂಚಿತವಾಗಿ ಹೇಳೀತೆ?

ನನ್ನ ಸಿಟ್ಟು ನಿಮ್ಮ ಮೇಲಲ್ಲ, ಪಾಠಪುಸ್ತಕಗಳ ಮೇಲೆ. (ನೀವು ಮೂವತ್ತು ವರ್ಷ ಪಾಠ ಹೇಳಿದವರು, ಆದ್ದರಿಂದ ಸ್ವಲ್ಪ ನಿಮ್ಮ ಮೇಲೂ.) ವರ್ಗೀಕರಣವೆಂದರೆ ಉರು ಹೊಡೆಯುವ ಪಟ್ಟಿ ಎಂದು ಮಕ್ಕಳಿಗೆ ಕಲಿಸಿದ್ದೇವೆ. ವಿಕಾಸದ ಪಾಠ ಬೇರೆಲ್ಲೋ, ಕೊನೆಯಲ್ಲಿ, ಪರೀಕ್ಷೆಗೆ ಬಾರದ ಪುಟದಲ್ಲಿ. ಪಟ್ಟಿಯೇ ವಂಶವೃಕ್ಷವೆಂದು ಹೇಳುವವರಿಲ್ಲ. ಜೊತೆಗೆ ‘ಮಂಗನಿಂದ ಮಾನವ’ ಎಂಬ ಪ್ರಾಸ ಬೇರೆ. ಚಿಂಪಾಂಜಿ ನಮ್ಮ ಅಜ್ಜನಲ್ಲ ಸ್ವಾಮಿ, ದಾಯಾದಿ! ಭಾಷೆಯೂ ಕಾಟ ಕೊಡುತ್ತದೆ: ನಕ್ಷತ್ರಮೀನು ಮೀನಲ್ಲ, ಕಡಲಕುದುರೆ ಮೀನು.

ನಿಮ್ಮ ಅಣಬೆಯ ಬಗ್ಗೆ ಹೇಳುವುದಾದರೆ, ಅದನ್ನು ಸಸ್ಯಗಳಿಂದ ಬೇರ್ಪಡಿಸಿದ್ದು ಚಪಲಕ್ಕಲ್ಲ. ಅದಕ್ಕೆ ಪತ್ರಹರಿತ್ತಿಲ್ಲ, ಜೀವಕೋಶದ ಗೋಡೆಯಲ್ಲಿ ಏಡಿಯ ಚಿಪ್ಪಿನಲ್ಲಿರುವ ಕೈಟಿನ್ ಇದೆ. ಡಿಎನ್‌ಎ ಹೋಲಿಸಿದರೆ ಅದು ಗಿಡಕ್ಕಿಂತ ನಮಗೇ ಹತ್ತಿರ.

ಟಿಕ್ಟಾಲಿಕ್‌ನ ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ಆ ಇನ್ನೊಂದು ಪತ್ರಿಕೆಯೂ ಮುಂದಿನ ವಾರ ತಿದ್ದಿಕೊಂಡರೆ ನನಗೆ ಬರೆದು ತಿಳಿಸಿ.