ಬಿಎಸ್ಸಿ ನರ್ಸಿಂಗ್ ಆದ್ಮೇಲೆ ಎಂಪಿಎಚ್ ಮಾಡಿದ್ರೆ ಕೆಲಸಕ್ಕೆ ಎಂತ ಪ್ರಯೋಜನ?

ನೀವು ಬರ್ದದ್ದು ಎರಡು ಸಲ ಓದಿದೆ. ಮಂಗಳೂರಲ್ಲಿ ಮೂರು ವರ್ಷದಿಂದ ವಾರ್ಡ್ ಡ್ಯೂಟಿ, ಮನೆಯಲ್ಲಿ ಗಲ್ಫಿಗೆ ಹೋಗು ಅಂತಾರೆ, ನಿಮಗೆ ಎಂಪಿಎಚ್, ಅಂದ್ರೆ ಸಾರ್ವಜನಿಕ ಆರೋಗ್ಯದ ಮಾಸ್ಟರ್ ಡಿಗ್ರಿ (ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್) ಮಾಡುವ ಮನಸ್ಸುಂಟು, ಆದ್ರೆ ಎರಡು ವರ್ಷ ಸಂಬಳ ಬಿಟ್ಟು ಲೋನ್ ತೆಗೆದು ಓದಿದ್ರೆ ಆಮೇಲೆ ಕೆಲಸ ಸಿಗ್ತದಾ ಅಂತ ಕೇಳಿದ್ದೀರಿ. ನಾನೂ ನರ್ಸಿಂಗ್‌ನಿಂದಲೇ ಎಂಪಿಎಚ್‌ಗೆ ಹೋದವಳು, ಊರು ಕಾಪು ಹತ್ತಿರ, ಈಗ ಉಡುಪಿಯಲ್ಲಿ ಕೆಲಸ. ಗೊತ್ತಿರುವಷ್ಟು ಹೇಳ್ತೇನೆ.

ಮೊದಲು ಎರಡು ವಿಷಯ ಕ್ಲಿಯರ್ ಮಾಡಿಬಿಡ್ತೇನೆ. ಗಲ್ಫೇ ಬೇಕು ಅಂತಾದ್ರೆ ಎಂಪಿಎಚ್ ಬೇಡ, ಅಲ್ಲಿ ನರ್ಸ್ ಕೆಲಸಕ್ಕೆ ವಾರ್ಡಿನ ಎಕ್ಸ್‌ಪೀರಿಯೆನ್ಸ್ ಮತ್ತು ಅವರ ಲೈಸೆನ್ಸ್ ಪರೀಕ್ಷೆ ಲೆಕ್ಕಕ್ಕೆ ಬರ್ತದೆ, ಇದು ಅದಕ್ಕೆ ಬದಲಿ ಆಗುದಿಲ್ಲ. ನರ್ಸಿಂಗ್ ಕಾಲೇಜಲ್ಲಿ ಪಾಠ ಮಾಡ್ಬೇಕು ಅಂತಿದ್ರೂ ಎಂಎಸ್ಸಿ ನರ್ಸಿಂಗ್ ಮಾಡಿ, ಕಮ್ಯೂನಿಟಿ ಹೆಲ್ತ್ ಅದರಲ್ಲೇ ಒಂದು ಸ್ಪೆಷಾಲಿಟಿ ಉಂಟು. ನನ್ನ ಬ್ಯಾಚಲ್ಲಿ ಇದು ಗೊತ್ತಿಲ್ಲದೆ ಸೇರಿ ಆಮೇಲೆ ಬೇಜಾರು ಮಾಡಿಕೊಂಡವರು ಇದ್ರು.

ಇನ್ನು ಎಂಪಿಎಚ್ ನನಗೆ ಎಂತ ಕಲಿಸಿತು ಅಂತ ಹೇಳಿದ್ರೆ ನಿಮಗೆ ಉಳಿದದ್ದು ಅರ್ಥ ಆಗ್ತದೆ. ಮಂಗಳೂರಲ್ಲಿ ಮಳೆಗಾಲ ಅಂದ್ರೆ ನಮ್ಮ ಮೆಡಿಕಲ್ ವಾರ್ಡ್ ಮಲೇರಿಯಾ ವಾರ್ಡೇ. ಜುಲೈಯಲ್ಲಿ ಒಬ್ಬ ಹುಡುಗ ಬಂದ, ಘಟ್ಟದ ಮೇಲಿನವ, ಕಟ್ಟಡದ ಕೆಲಸಕ್ಕೆ ಬಂದವ, ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ ಪಾಸಿಟಿವ್, ನಾಲ್ಕು ದಿನದಲ್ಲಿ ಜ್ವರ ಬಿಟ್ಟಿತು, ಡಿಸ್ಚಾರ್ಜ್. ಅಕ್ಟೋಬರಲ್ಲಿ ಅವನೇ ಮತ್ತೆ ಅದೇ ಚಳಿ ಅದೇ ನಡುಕ ಹಿಡ್ಕೊಂಡು ಬಂದ, ನಾವು "ಪುನಃ ಸೊಳ್ಳೆ ಕಚ್ಚಿರ್ಬೇಕು" ಅಂತ ಹೇಳಿ ಡ್ರಿಪ್ ಹಾಕಿದೆವು ಅಷ್ಟೆ. ವೈವಾಕ್ಸ್ ಪರಾವಲಂಬಿ ಲಿವರಲ್ಲಿ ಅಡಗಿ ಕೂತು ತಿಂಗಳು ಕಳೆದ ಮೇಲೂ ಏಳ್ತದೆ, ಅದಕ್ಕೇ ಪ್ರೈಮಾಕ್ವಿನ್ ಮಾತ್ರೆ 14 ದಿನ ಕೊಡುದು ಅಂತ ನರ್ಸಿಂಗಲ್ಲಿ ಓದಿದ್ದೆ. ಆದ್ರೆ ಜ್ವರ ಬಿಟ್ಟ ಮರುದಿನವೇ ಕೂಲಿಗೆ ಹೋಗುವ, ವಾರಕ್ಕೊಂದು ಸೈಟ್ ಬದಲಿಸುವ ಹುಡುಗ ಆ 14 ದಿನದ ಮಾತ್ರೆ ಮುಗಿಸ್ತಾನಾ, ಮುಗಿಸಿದ್ದಾನಾ ಅಂತ ನೋಡುವವರು ಯಾರು ಅನ್ನುವ ಪ್ರಶ್ನೆ ನನಗೆ ಬರ್ಲೇ ಇಲ್ಲ. ಅದು ಬಂದದ್ದು ಎಂಪಿಎಚ್ ಎರಡನೇ ವರ್ಷದಲ್ಲಿ, ಡಿಸರ್ಟೇಶನ್‌ಗೆ (ಕೋರ್ಸಿನ ಸಂಶೋಧನಾ ಪ್ರಬಂಧಕ್ಕೆ) ಮಲೇರಿಯಾ ಕೇಸುಗಳ ವಿಳಾಸ ಒಂದೊಂದಾಗಿ ಮ್ಯಾಪಿಗೆ ಹಾಕುವಾಗ. ಚುಕ್ಕಿಗಳೆಲ್ಲ ಹೋಗಿ ಗುಂಪಾದದ್ದು ಕಟ್ಟುತ್ತಿರುವ ಬಿಲ್ಡಿಂಗುಗಳ ಸುತ್ತ. ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆಗೆ ಚರಂಡಿ ಬೇಡ, ಕಾಂಕ್ರೀಟ್ ಕ್ಯೂರಿಂಗಿಗೆ ನಿಲ್ಲಿಸಿದ ನೀರು, ಮುಚ್ಚಳ ಇಲ್ಲದ ಟ್ಯಾಂಕಿ, ಬಾವಿ, ಇಂಥ ಚೊಕ್ಕ ನೀರೇ ಬೇಕು. ಆ ಹುಡುಗ ಮಲಗುತ್ತಿದ್ದದ್ದು ಅಂಥದ್ದೇ ಒಂದು ಬಿಲ್ಡಿಂಗಿನ ಕೆಳಗೆ. ಆ ದಿನ ಲ್ಯಾಪ್‌ಟಾಪ್ ಮುಚ್ಚಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಕೆಲಸದ ಲೆಕ್ಕದಲ್ಲಿಯೂ ನನಗೆ ದಾರಿ ಆದದ್ದು ಈ ಮ್ಯಾಪೇ, ಸರ್ಟಿಫಿಕೇಟನ್ನು ಇಂಟರ್‌ವ್ಯೂನಲ್ಲಿ ಒಮ್ಮೆ ತಿರುಗಿಸಿ ನೋಡಿ ಬದಿಗಿಟ್ರು, ಆಮೇಲೆ ಅರ್ಧ ಗಂಟೆ ಕೇಳಿದ್ದೆಲ್ಲ ಡೇಟಾ ಹೇಗೆ ಕ್ಲೀನ್ ಮಾಡಿದ್ರಿ, ಮನೆಮನೆಗೆ ಹೋದಾಗ ಜನ ಎಂತ ಹೇಳಿದ್ರು ಅಂತ. ಹಾಗಾಗಿ ಸೇರುದಾದ್ರೆ ಎಪಿಡೆಮಿಯಾಲಜಿ (ರೋಗ ಯಾರಿಗೆ, ಎಲ್ಲಿ, ಯಾಕೆ ಬರ್ತದೆ ಅನ್ನುವ ಅಧ್ಯಯನ) ಮತ್ತು ಬಯೋಸ್ಟ್ಯಾಟಿಸ್ಟಿಕ್ಸ್ (ಆರೋಗ್ಯದ ಅಂಕಿಅಂಶದ ಲೆಕ್ಕ) ಗಟ್ಟಿ ಮಾಡಿ, ಲೆಕ್ಕ ಅಂದ್ರೆ ಹೆದರಿಕೆ ಇದ್ರೂ ಮಾಡಿ, ನನಗೂ ಇತ್ತು. ಅಂಕಿಅಂಶಕ್ಕೆ ಆರ್, ಮ್ಯಾಪಿಗೆ ಕ್ಯೂಜಿಐಎಸ್, ಎರಡೂ ಫ್ರೀ ಸಾಫ್ಟ್‌ವೇರ್, ಈಗಿಂದಲೇ ನೈಟ್ ಡ್ಯೂಟಿ ಇಲ್ಲದ ದಿನ ಶುರು ಮಾಡಬಹುದು. ಕೈಯಾಡಿಸ್ಲಿಕ್ಕೆ ಅಂಕಿಅಂಶ ಬೇಕಾದ್ರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನದ್ದು ಜಿಲ್ಲಾವಾರು ಉಂಟು, ಉಡುಪಿ ಮತ್ತು ದಕ್ಷಿಣ ಕನ್ನಡ ಪಕ್ಕಪಕ್ಕ ಇಟ್ಟು ನೋಡಿ.

ಕೆಲಸ ಎಲ್ಲೆಲ್ಲಿ ಅಂದ್ರೆ, ಜಿಲ್ಲೆಯ ರೋಗ ಸರ್ವೇಕ್ಷಣಾ ಘಟಕ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಪೋಸ್ಟುಗಳು, ಟಿಬಿ ಅಥವಾ ತಾಯಿ ಮಗುವಿನ ಆರೋಗ್ಯದ ಎನ್‌ಜಿಒಗಳು, ರಿಸರ್ಚ್ ಪ್ರಾಜೆಕ್ಟುಗಳು, ಆಸ್ಪತ್ರೆಯ ಕ್ವಾಲಿಟಿ ವಿಭಾಗ. ಆದ್ರೆ ನರ್ಸಿಂಗ್ ಪ್ಲಸ್ ಎಂಪಿಎಚ್ ಇರುವವರಿಗೆ ನನ್ನ ಪ್ರಕಾರ ಎಲ್ಲಕ್ಕಿಂತ ಸರಿ ಹೊಂದುದು ಇನ್‌ಫೆಕ್ಷನ್ ಕಂಟ್ರೋಲ್, ಅಂದ್ರೆ ಆಸ್ಪತ್ರೆಯೊಳಗೆ ಸೋಂಕು ಹರಡದ ಹಾಗೆ ನೋಡಿಕೊಳ್ಳುದು. 2018ರ ಮೇಯಲ್ಲಿ ಕೇರಳದ ಕೋಝಿಕ್ಕೋಡಿನಲ್ಲಿ ನಿಪಾ ವೈರಸ್ ಬಂದಾಗ ಅದು ನಿಪಾ ಅಂತ ಮೊದಲು ಪತ್ತೆ ಹಚ್ಚಿದ್ದು ನಮ್ಮ ಮಣಿಪಾಲದ ವೈರಸ್ ಲ್ಯಾಬ್. ಆಮೇಲೆ ಯಾರಿಂದ ಯಾರಿಗೆ ಹರಡಿತು ಅಂತ ಹುಡುಕಿದಾಗ ಹೆಚ್ಚಿನವರಿಗೆ ತಾಗಿದ್ದು ಆಸ್ಪತ್ರೆಯ ಒಳಗೇ. ಪೆರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ರೋಗಿಯನ್ನು ನೋಡಿಕೊಂಡೇ ತೀರಿಕೊಂಡ್ರು. ನಾನು ಈಗ ಮಾಡ್ತಿರುವ ಕೆಲಸ ಇದೇ, ಯಾವ ವಾರ್ಡಲ್ಲಿ ಯಾವ ಇನ್‌ಫೆಕ್ಷನ್ ಹೆಚ್ಚಾಯ್ತು, ಎಲ್ಲಿ ಕೈ ತೊಳೆಯುದು ತಪ್ಪಿತು ಅಂತ ದಿನಾ ಲೆಕ್ಕ ಇಡುದು, ಸಿಸ್ಟರ್‌ಗಳಿಗೆ ಟ್ರೇನಿಂಗ್ ಕೊಡುದು. ಎನ್‌ಎಬಿಎಚ್ (ಆಸ್ಪತ್ರೆಯ ಗುಣಮಟ್ಟಕ್ಕೆ ಕೊಡುವ ಮಾನ್ಯತೆ) ಬೇಕಾದ ಆಸ್ಪತ್ರೆಗಳಿಗೆ ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್ ಬೇಕೇ ಬೇಕು.

ಕಷ್ಟವನ್ನೂ ಹೇಳ್ಬೇಕಲ್ಲ. ನನ್ನ ಮೊದಲ ಕೆಲಸ 11 ತಿಂಗಳ ಕಾಂಟ್ರಾಕ್ಟ್, ಸಂಬಳ ವಾರ್ಡಲ್ಲಿ ಸಿಗ್ತಿದ್ದದ್ದಕ್ಕಿಂತ 5 ಸಾವಿರ ಮಾತ್ರ ಜಾಸ್ತಿ, ಅದೂ ಒಮ್ಮೆ ಮೂರು ತಿಂಗಳು ಬರ್ಲಿಲ್ಲ, ಲೋನಿನ ಕಂತು ಅಣ್ಣ ಕಟ್ಟಿದ. ತಮಿಳುನಾಡಲ್ಲಿ ಪಬ್ಲಿಕ್ ಹೆಲ್ತ್ ಕೆಲಸಕ್ಕೇ ಅಂತ ಡಾಕ್ಟರ್‌ಗಳ ಪ್ರತ್ಯೇಕ ಕೇಡರ್, ಅಂದ್ರೆ ಅದಕ್ಕೇ ಮೀಸಲಾದ ಸರ್ಕಾರಿ ಹುದ್ದೆಗಳ ವರ್ಗ, ಉಂಟು. ಎಲ್ಲ ರಾಜ್ಯದಲ್ಲೂ ಪಬ್ಲಿಕ್ ಹೆಲ್ತ್ ಕೇಡರ್ ಬೇಕು, ಅದರಲ್ಲಿ ನರ್ಸಿಂಗ್‌ನಿಂದ ಬಂದವರಿಗೂ ಜಾಗ ಇರ್ಬೇಕು ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲೇ ಬರ್ದಿದ್ದಾರೆ. ಅದು ನಿಜವಾಗಿ ಆಗ್ಬೇಕು, ನಮ್ಮಂಥವರು ಒಟ್ಟಾಗಿ ಕೇಳ್ಬೇಕು ಅಂತ ನನಗೆ ತುಂಬಾ ಅನ್ನಿಸ್ತದೆ. ಆದ್ರೆ ಅದನ್ನು ನಂಬಿ ಇವತ್ತು ಲೋನ್ ಮಾಡ್ಬೇಡಿ ಮಾರಾಯ್ರೆ.

ಕಾಲೇಜು: ಹತ್ತಿರದಲ್ಲಿ ಮಣಿಪಾಲದ ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್ ಉಂಟು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಅಚ್ಯುತ ಮೇನನ್ ಸೆಂಟರ್‌ನವರದ್ದೂ ಹಳೇ ಕೋರ್ಸ್, ಮುಂಬೈಯ ಟಿಸ್‌ನಲ್ಲೂ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್) ಉಂಟು. ಫೀಸಲ್ಲಿ ಒಂದಕ್ಕೊಂದು ತುಂಬಾ ವ್ಯತ್ಯಾಸ, ಯಾರು ಸೇರಬಹುದು ಅನ್ನುದೂ ಬೇರೆ ಬೇರೆ, ಎಲ್ಲದರ ಪ್ರಾಸ್ಪೆಕ್ಟಸ್ ಪಕ್ಕದಲ್ಲಿಟ್ಟು ಓದಿ. ಮತ್ತೆ ಹೋದ ವರ್ಷ ಪಾಸಾದ ನಾಲ್ಕು ಜನರ ನಂಬರ್ ಕೇಳಿ ತೆಗೊಂಡು ಈಗ ಎಲ್ಲಿದ್ದಾರೆ ಅಂತ ಅವರ ಬಾಯಿಂದಲೇ ಕೇಳಿ, ಕಾಲೇಜಿನವರು ಹೇಳುದನ್ನು ಮಾತ್ರ ಕೇಳ್ಬೇಡಿ.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಒಂದು ರಜಾ ದಿನ ನಿಮ್ಮ ಏರಿಯಾದ ಮಲೇರಿಯಾ ಕಾರ್ಯಕರ್ತರ ಜೊತೆ ಅಥವಾ ಆಶಾ ಅಕ್ಕನ ಜೊತೆ ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಮನೆಮನೆ ತಿರುಗಿ, ಟ್ಯಾಂಕಿ ಇಣುಕಿ ನೋಡಿ, ಬೈಯುವವರ ಬೈಗುಳವನ್ನೂ ಕೇಳಿಸಿಕೊಳ್ಳಿ. ಮನೆಗೆ ಬಂದು ಕಾಲು ನೋವಾದ್ರೂ ಮರುದಿನ ಪುನಃ ಹೋಗುವ ಅನ್ನಿಸಿದ್ರೆ ನನಗೆ ಬರೀರಿ, ನನ್ನ ಹಳೇ ನೋಟ್ಸ್ ಎಲ್ಲ ಉಂಟು, ಕಳಿಸ್ತೇನೆ.