ಬೆಳವಣಿಗೆ ಹಾರ್ಮೋನಿನ ಚುಚ್ಚುಮದ್ದನ್ನು ಮನೆಯಲ್ಲಿ ಹೇಗೆ ಇಟ್ಟುಕೊಳ್ಳಬೇಕು, ಹೇಗೆ ಕೊಡಬೇಕು?
ಬೆಳವಣಿಗೆ ಹಾರ್ಮೋನಿನ ಕೊರತೆಯಿರುವ ಮಗುವಿಗೆ ಬರೆದುಕೊಟ್ಟ ಸೊಮಟ್ರೋಪಿನ್ (ಔಷಧವಾಗಿ ತಯಾರಿಸಿದ ಅದೇ ಹಾರ್ಮೋನ್) ಚುಚ್ಚುಮದ್ದಿನ ಬಳಕೆಯನ್ನೂ, ಬೆಂಗಳೂರಿನಿಂದ ಹಬ್ಬಕ್ಕೆ ಊರಿಗೆ ಹೋಗುವಾಗ ಅದನ್ನು ಒಯ್ಯುವ ಬಗೆಯನ್ನೂ ತಾವು ಕೇಳಿದ್ದೀರಿ.

ಇದು ಪ್ರೋಟೀನ್ ಆದ್ದರಿಂದ ಬಾಯಿಯ ಮೂಲಕ ಕೊಟ್ಟರೆ ಜೀರ್ಣವಾಗಿಬಿಡುತ್ತದೆ. ಹಾಗಾಗಿ ತೊಡೆ, ಹೊಟ್ಟೆ ಅಥವಾ ಪೃಷ್ಠದ ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೇ ಚುಚ್ಚಬೇಕು. ಸಹಜವಾಗಿಯೂ ಈ ಹಾರ್ಮೋನು ಗಾಢನಿದ್ರೆಯಲ್ಲಿ ಹೆಚ್ಚಾಗಿ ಸ್ರವಿಸುವುದರಿಂದ, ದಿನನಿತ್ಯದ ಚುಚ್ಚುಮದ್ದನ್ನು ಸಾಮಾನ್ಯವಾಗಿ ರಾತ್ರಿ ಮಲಗುವ ಮುನ್ನ ಕೊಡುತ್ತಾರೆ. ಒಂದೇ ಜಾಗಕ್ಕೆ ಪದೇಪದೇ ಚುಚ್ಚಿದರೆ ಅಲ್ಲಿನ ಕೊಬ್ಬು ಕರಗಿ ಗುಳಿ ಬೀಳಬಹುದು, ಜಾಗ ಬದಲಿಸುತ್ತಿರಿ. ಒಂದು ದಿನ ತಪ್ಪಿತೆಂದು ಮರುದಿನ ಎರಡು ಪಟ್ಟು ಕೊಡಬಾರದು.

ನನ್ನ ದೃಷ್ಟಿಯಲ್ಲಿ ಹೆಚ್ಚಿನ ಎಚ್ಚರ ಬೇಕಾಗುವುದು ಸಂಗ್ರಹಣೆಯಲ್ಲಿ. ಔಷಧವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಫ್ರಿಜ್ಜಿನೊಳಗೆ ಫ್ರೀಜರ್‌ನಿಂದ ದೂರವಿಡಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವಂತಿಲ್ಲ. ಬೆಂಗಳೂರಿನ ಹವೆ ತಂಪೆಂಬ ನಂಬಿಕೆ ಏಪ್ರಿಲ್ ಮಧ್ಯಾಹ್ನ ಕರೆಂಟು ಹೋದಾಗ ಉಪಯೋಗಕ್ಕೆ ಬಾರದು. ಪ್ರಯಾಣದಲ್ಲಿ ಐಸ್‌ಪ್ಯಾಕ್ ಔಷಧಕ್ಕೆ ನೇರವಾಗಿ ತಗುಲದಂತೆ ನಡುವೆ ಬಟ್ಟೆ ಸುತ್ತಿ ಒಯ್ಯಿರಿ. ಕೆಲವು ಬ್ರಾಂಡುಗಳನ್ನು ಸ್ವಲ್ಪ ಕಾಲ ಹೊರಗಿಡಬಹುದು. ಅದನ್ನು ಆಯಾ ಪೆಟ್ಟಿಗೆಯ ಚೀಟಿ ನೋಡಿಯೇ ನಿರ್ಧರಿಸಬೇಕು.

ಬಿಡದ ತಲೆನೋವಿನೊಂದಿಗೆ ವಾಂತಿ, ದೃಷ್ಟಿ ಮಸುಕು, ಕುಂಟುವಿಕೆ, ಸೊಂಟದ ಕೀಲು ಅಥವಾ ಮಂಡಿಯ ನೋವು ಕಂಡರೆ ಮುಂದಿನ ಭೇಟಿಗೆ ಕಾಯದೆ ವೈದ್ಯರಿಗೆ ತಿಳಿಸಿ.