ಬೆಳಗಿನ ಜಾವದ ಮೈಕಿಗೆ ಕಾನೂನು ಏನನ್ನುತ್ತದೆ?

ಓದುಗರೊಬ್ಬರ ಪತ್ರ: ಮನೆ ಎದುರಿನ ಪ್ರಾರ್ಥನಾ ಮಂದಿರದಲ್ಲಿ ದಿನಾ ಬೆಳಗ್ಗೆ 5 ಗಂಟೆಗೇ ಮೈಕ್ ಹಾಕುತ್ತಾರೆ. ಹಾಸಿಗೆ ಹಿಡಿದಿರುವ ಅಮ್ಮನಿಗೆ ನಿದ್ದೆಯೇ ಇಲ್ಲ. ಕೇಳಿದರೆ, ‘ದೇವರ ಕೆಲಸಕ್ಕೆ ಅಡ್ಡ ಬರ್ತೀರಾ?’ ಅನ್ನುತ್ತಾರೆ. ಕಾನೂನಿನಲ್ಲಿ ದಾರಿ ಇದೆಯೇ?

ಸಂಪಾದಕರ ಉತ್ತರ: ಇದೆ. ನಿಮ್ಮ ವಿಷಯದಲ್ಲಂತೂ ದಾರಿ ಸಾಕಷ್ಟು ನೇರವಾಗಿಯೇ ಇದೆ.

ನಿಮ್ಮ ತಕರಾರು ಮೈಕಿನ ಮೇಲೆ, ಪ್ರಾರ್ಥನೆಯ ಮೇಲಲ್ಲ, ಅಲ್ವಾ? ಎಲ್ಲಿ ಮಾತಾಡಿದರೂ ಇದನ್ನೇ ಮೊದಲು ಹೇಳಿ. ಚೆನ್ನೈನ ಒಂದು ಚರ್ಚ್ ಮತ್ತು ಅಕ್ಕಪಕ್ಕದ ನಿವಾಸಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಇದನ್ನು ಬಿಡಿಸಿ ಹೇಳಿದೆ. ಧ್ವನಿವರ್ಧಕ ಹಾಕಿ, ಡೋಲು ಬಾರಿಸಿ, ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದಿದೆ. ಬೇಡದ ಸದ್ದಿಲ್ಲದೆ ಬದುಕುವುದು ಸಂವಿಧಾನದ 21ನೇ ವಿಧಿಯೊಳಗಿನ, ಅಂದರೆ ಜೀವಿಸುವ ಹಕ್ಕಿನೊಳಗಿನ ಹಕ್ಕು ಎಂದು ಅದೇ ಕೋರ್ಟಿನ 2005ರ ತೀರ್ಪು ಹೇಳಿತು. ಗುಡಿ, ಮಸೀದಿ, ಚರ್ಚ್ ಎಲ್ಲಕ್ಕೂ ಒಂದೇ ನಿಯಮ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ. ಅನುಮತಿ ಇದ್ದರೂ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಹಾಕುವಂತಿಲ್ಲ. ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ಸರ್ಕಾರ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಬೆಳಗಿನ 5 ಗಂಟೆಗೆ ಆ ಸಡಿಲಿಕೆಯೂ ಇಲ್ಲ. ಹಗಲಿನ ಸದ್ದಾದರೆ ವಸತಿ ಪ್ರದೇಶದ 55 ಡೆಸಿಬೆಲ್ ಮಿತಿ, ಅದರ ಅಳತೆ ಅಂತೆಲ್ಲ ವಾದ ಬೆಳೆಯುತ್ತದೆ. ನಿಮಗೆ ಆ ಕಷ್ಟವಿಲ್ಲ. 6 ಗಂಟೆಗೆ ಮುಂಚೆಯೇ ಮೈಕ್ ಕೂಗುತ್ತಿತ್ತು ಎಂದು ತೋರಿಸಿದರೆ ಸಾಕು.

ಮೊದಲು ಆಡಳಿತ ಮಂಡಳಿಗೆ ಒಂದು ಕಾಗದ ಬರೆಯಿರಿ. ಅಮ್ಮನ ಸ್ಥಿತಿ ತಿಳಿಸಿ. ಎಷ್ಟೋ ಕಡೆ ಸ್ಪೀಕರ್ ಒಳಕ್ಕೆ ತಿರುಗಿಸಿದರೆ, ಹೊತ್ತು ಬದಲಿಸಿದರೆ ಸಮಸ್ಯೆ ಮುಗಿಯುತ್ತದೆ. ಕೇಳದಿದ್ದರೆ, ಸದ್ದು ಬರುತ್ತಿರುವಾಗಲೇ 112ಕ್ಕೆ ಕರೆ ಮಾಡಿ. ಆದರೆ ಸುಮ್ನೆ ಫೋನ್ ಮಾಡಿ ಬಿಟ್ಟುಬಿಡಬೇಡಿ. ದಿನಾಂಕ, ಸಮಯ, ವಿಡಿಯೊ ಇಟ್ಟುಕೊಂಡು ಠಾಣೆಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಜಿಲ್ಲಾಧಿಕಾರಿಗೆ ಅಥವಾ ಪೊಲೀಸ್ ಕಮಿಷನರ್‌ಗೆ ಹೋಗಲಿ.

ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಈ ಮೈಕಿಗೆ ಕೊಟ್ಟ ಅನುಮತಿಯ ನಕಲು ಕೇಳಿ. ನನ್ನ ಮಟ್ಟಿಗೆ ಇದೇ ಗಟ್ಟಿ ಹೆಜ್ಜೆ. 30 ದಿನದಲ್ಲಿ ಉತ್ತರ ಕೊಡಬೇಕು. ಅನುಮತಿಯೇ ಇಲ್ಲ ಎಂದು ಬಂದರೆ, ಕ್ರಮ ತೆಗೆದುಕೊಳ್ಳದಿರಲು ಅಧಿಕಾರಿಗಳಿಗೆ ನೆಪ ಉಳಿಯುವುದಿಲ್ಲ.

ಸಾಧ್ಯವಾದಷ್ಟು ಒಬ್ಬರೇ ಹೋಗಬೇಡಿ. ನಾಲ್ಕು ಮನೆಯವರು ಸಹಿ ಹಾಕಿದರೆ ನಿಮ್ಮೊಬ್ಬರ ಮೇಲೆ ಕಣ್ಣು ಬೀಳುವುದಿಲ್ಲ. ಕಾನೂನಿಗೂ ಇದರಿಂದ ಅನುಕೂಲ. ಸಾರ್ವಜನಿಕ ಉಪದ್ರವದ (ಸುತ್ತಲಿನ ಜನರಿಗೆಲ್ಲ ಆಗುವ ತೊಂದರೆಯ) ವಿರುದ್ಧ ಇಬ್ಬರು ಅಥವಾ ಹೆಚ್ಚು ಜನ ಸೇರಿ, ನ್ಯಾಯಾಲಯದ ಅನುಮತಿ ಪಡೆದು, ಸಿವಿಲ್ ದಾವೆ ಹೂಡಬಹುದು, ತಡೆಯಾಜ್ಞೆ ಕೇಳಬಹುದು. ಅಪರಾಧ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಅಡಿ, ಇಂಥ ಉಪದ್ರವ ನಿಲ್ಲಿಸಲು ಆದೇಶಿಸಿ ಎಂದು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆಯೂ ಹೋಗಬಹುದು.

ಯಾರೂ ಅಲುಗಾಡದಿದ್ದರೆ ಹೈಕೋರ್ಟಿನಲ್ಲಿ 226ನೇ ವಿಧಿಯ ರಿಟ್ ಅರ್ಜಿ. ನಿಯಮ ಜಾರಿ ಮಾಡುವಂತೆ ಅಧಿಕಾರಿಗಳಿಗೆ ಆದೇಶಿಸಿ ಎಂದು ಕೇಳುವ ಅರ್ಜಿ ಅದು. ಅಲ್ಲಿ ವಕೀಲರು ಮೊದಲು ಕೇಳುವುದೇ ನಿಮ್ಮ ದೂರಿನ ಸ್ವೀಕೃತಿಗಳನ್ನು ಮತ್ತು ಮಾಹಿತಿ ಹಕ್ಕಿನ ಉತ್ತರವನ್ನು. ಇವತ್ತಿನಿಂದಲೇ ಒಂದು ಫೈಲ್ ಮಾಡಿ ಇಡಿ.